ಓಲೆಗಳು ಇಲ್ಲಿವೆ, ಓದುವವರೆಲ್ಲಿ?

(ಚೆನ್ನೈಯಲ್ಲಿ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಯಲ್ಲಿ ಗಡಿಯ ಮಾತು, ನದಿಯ ಮಾತು ಬರುವುದು ವಾಡಿಕೆ. ಇಂದು ಓಲೆಗರಿಯ ಮಾತನ್ನಾಡಲು ತಮ್ಮ ಅಪ್ಪಣೆ ಬೇಡುತ್ತೇನೆ.

ಈ ಮದರಾಸು ಒಂದು ಕಾಲಕ್ಕೆ ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳ ಕನ್ನಡಿಗರಿಗೂ ರಾಜಧಾನಿಯಾಗಿತ್ತು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ಕಾಸರಗೋಡನ್ನು ಕಳೆದುಕೊಂಡ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲಗಳೂ ಮೈಸೂರು ರಾಜ್ಯವನ್ನು ಸೇರಿದವು. ನೆಲ ಹೋಯಿತು, ಓಲೆಗಳು ಉಳಿದವು. 1869ರಲ್ಲಿ ಸ್ಥಾಪನೆಯಾದ ಇಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಸಂಸ್ಕೃತ, ತಮಿಳು, ತೆಲುಗುಗಳ ಮಗ್ಗುಲಲ್ಲೇ ಕನ್ನಡದ ಕಟ್ಟುಗಳೂ ಇವೆ.

ಅವುಗಳಲ್ಲಿ ಮೆಕೆಂಜಿ ಸಂಗ್ರಹ ಪ್ರಸಿದ್ಧವಾದುದು. ಸ್ಕಾಟ್ಲೆಂಡಿನ ಕಾಲಿನ್ ಮೆಕೆಂಜಿ, ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯನ್ನು ಅಳೆದವನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ದೇಶಭಾಷೆಗಳನ್ನು ಓದಲು ಆತ ಅನ್ಯರನ್ನೇ ಆಶ್ರಯಿಸಿದ್ದನು. ಕಾವಲಿ ಬೋರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರು ಊರೂರು ತಿರುಗಿ ಗ್ರಾಮಗಳ ಕೈಫಿಯತ್ತುಗಳನ್ನು ಕೂಡಿಸಿದರು. ಹಳಗನ್ನಡ ಶಾಸನಗಳನ್ನು ಬಿಡಿಸಿ ಹೇಳಿದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಹೆಸರು ಮೆಕೆಂಜಿಯದು, ಕಣ್ಣು ಧರ್ಮಯ್ಯನದು. 1821ರಲ್ಲಿ ಮೆಕೆಂಜಿ ತೀರಿಕೊಂಡ ಬಳಿಕ ಸಂಗ್ರಹದ ಒಂದು ಪಾಲು ಲಂಡನ್ನಿಗೆ ಹೋಯಿತು, ಒಂದು ಪಾಲು ಮದರಾಸಿಗೆ ಬಂದಿತು. ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದಾಗ, ಕೆರೆ ಕಟ್ಟೆ, ದೇಗುಲ, ಪಾಳೆಯಗಾರರ ಆ ಕಥನಗಳು ಜನರ ಕೈಗೆ ಬಂದವು.

ಓಲೆಯನ್ನು ಕಾಯುವುದು ಸುಲಭವಲ್ಲ. ಹುಳು ಒಂದು ಕಡೆ, ಈ ಊರಿನ ಕಡಲ ತೇವ ಇನ್ನೊಂದು ಕಡೆ. ಅಂಟಿದ ಗರಿಗಳನ್ನು ಮುರಿಯದಂತೆ ಬಿಡಿಸಬೇಕು. ಧೂಳನ್ನು ಮೆತ್ತಗೆ ಒರೆಸಬೇಕು. ನಿಂಬೆಹುಲ್ಲಿನ ಎಣ್ಣೆ ಸವರಬೇಕು. ಮಸಿ ಹಚ್ಚಿ ಅಕ್ಷರ ಕಾಣಿಸಬೇಕು. ಹಲಗೆಗಳ ನಡುವೆ ಹದವಾಗಿ ಕಟ್ಟಬೇಕು. ಹೆಸರಿಗೆ ಆಸೆಪಡದೆ ಇಷ್ಟನ್ನೂ ಮಾಡುವ ಸಿಬ್ಬಂದಿಗೆ ನಾವು ಋಣಿಗಳು. ಆದರೆ ಅವರು ಕಾಯಬಲ್ಲರು, ಓದುವವರನ್ನು ಹುಟ್ಟಿಸಲಾರರು. ಪದಗಳ ನಡುವೆ ತೆರಪಿಲ್ಲದ, ವಿರಾಮಚಿಹ್ನೆಯಿಲ್ಲದ ಆ ಬರಹಕ್ಕೆ ಪಳಗಿದ ಕಣ್ಣು ಬೇಕು.

ಇದನ್ನು ಹೇಳುವ ನಾನೇ ಅಪರಾಧಿ. ನಮ್ಮ ಹಳ್ಳಿಯ ಮನೆ ಮಾರಿದಾಗ ಅಟ್ಟದ ಮೇಲೆ ಅಜ್ಜನ ಓಲೆಕಟ್ಟುಗಳಿದ್ದವು. ಓದಬಲ್ಲವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಕಸಕ್ಕೆ ಹಾಕಿದರೆ ಪಾಪವೆಂದು ಹಿರಿಯರು ಹೊಳೆಗೆ ಬಿಡಿಸಿದರು. ಬುಟ್ಟಿ ಹೊತ್ತವನು ನಾನು. ಅದರಲ್ಲಿ ಕಾವ್ಯವಿತ್ತೋ, ವೈದ್ಯವಿತ್ತೋ, ಬರಿಯ ಸಾಲದ ಲೆಕ್ಕವಿತ್ತೋ, ಇನ್ನು ತಿಳಿಯುವ ಬಗೆಯಿಲ್ಲ. ದ್ವೇಷದಿಂದಲ್ಲ, ಭಕ್ತಿಯಿಂದಲೇ ನಾವು ಅದನ್ನು ಕಳೆದೆವು.

ನಮ್ಮ ನೆರೆಯವರನ್ನು ನೋಡಿ. ಊರೂರು ಅಲೆದು ತಮಿಳಿನ ಓಲೆಗಳನ್ನು ಕೂಡಿಸಿ 1887ರಲ್ಲಿ ‘ಚಿಂತಾಮಣಿ’ಯನ್ನು ಅಚ್ಚಿಗೆ ತಂದ ಉ. ವೇ. ಸ್ವಾಮಿನಾಥ ಅಯ್ಯರ್ ಅವರ ಪ್ರತಿಮೆ ಪ್ರೆಸಿಡೆನ್ಸಿ ಕಾಲೇಜಿನ ಆವರಣದಲ್ಲಿದೆ. ಕನ್ನಡದ ಕೆಲಸವೂ ಇಲ್ಲಿ ನಡೆದದ್ದುಂಟು: ಮದರಾಸು ವಿಶ್ವವಿದ್ಯಾಲಯ 1930ರಲ್ಲಿ ‘ಕವಿರಾಜಮಾರ್ಗ’ವನ್ನು ಪ್ರಕಟಿಸಿತು, ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟನ್ನೂ ಅದೇ ಹೊರತಂದಿತು. ಆ ಪರಂಪರೆಗೆ ವಾರಸುದಾರರು ನಾವಲ್ಲವೆ?

ಓಲೆಗಳನ್ನು ಕರ್ನಾಟಕಕ್ಕೆ ಕೊಡಿ ಎಂದು ಕೂಗುವುದು ನನ್ನ ಉದ್ದೇಶವಲ್ಲ. ಓದದವನಿಗೆ ಓಲೆ ಬೆಂಗಳೂರಿನಲ್ಲಿದ್ದರೇನು, ಚೆನ್ನೈಯಲ್ಲಿದ್ದರೇನು? ನನ್ನ ಬಿನ್ನಹ ಎರಡೇ. ನಿಮ್ಮೂರ ಮನೆಯ ಅಟ್ಟದಲ್ಲಿ ಕಟ್ಟುಗಳಿದ್ದರೆ ಹೊಳೆಗೆ ಬಿಡುವ ಮುನ್ನ ಬಲ್ಲವರಿಗೆ ತೋರಿಸಿ. ಎರಡನೆಯದು, ನಮ್ಮ ಸಂಘದಲ್ಲಿ ವಾರಕ್ಕೊಂದು ಗಂಟೆ ಹಳೆಯ ಲಿಪಿಯ ಪಾಠ ನಡೆಯಲಿ. ಹತ್ತು ಮಂದಿ ಸೇರಿ ಇಬ್ಬರು ಉಳಿದರೂ ಸಾಕು. ಮೊದಲ ದಿನ, ಮೊದಲ ಬೆಂಚಿನಲ್ಲಿ, ಬುಟ್ಟಿ ಹೊತ್ತ ಈ ಮುದುಕ ಕುಳಿತಿರುತ್ತಾನೆ.