ಪಡೆಯದೆ ಹೋದ ಹದಿನೈದು ದಿನ

“ಹೆತ್ತವರು ನೀವೋ, ನಿಮ್ಮ ಮನೆಯವರೋ?”

1998ರಲ್ಲಿ ನನ್ನ ಮೇಲಧಿಕಾರಿಗಳು ನನಗೆ ಹಾಕಿದ ಪ್ರಶ್ನೆ ಇದು. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ಹಿಂದಿನ ವರ್ಷವಷ್ಟೇ 15 ದಿನಗಳ ಪಿತೃತ್ವ ರಜೆ ದೊರೆತಿತ್ತು. ನನಗೆ ಚೊಚ್ಚಲ ಹೆಣ್ಣುಮಗು ಹುಟ್ಟಿತ್ತು. ಅರ್ಜಿ ಹಿಡಿದು ಹೋದ ನನ್ನನ್ನು ಕಂಡು ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅರ್ಜಿ ಮರಳಿ ಜೇಬು ಸೇರಿತು. ಪಡೆಯದೆ ಹೋದ ಆ ರಜೆ, ನಿಯಮದಂತೆ, ರದ್ದಾಯಿತು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತಿಯ ಕೋಣೆ ಅಜ್ಜಿಯರ ರಾಜ್ಯ. ಎಣ್ಣೆ ನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು—ಇವುಗಳ ನಡುವೆ ಗಂಡಸಿಗೇನು ಕೆಲಸ? ಭಾನುವಾರ ಹಣ್ಣಿನ ಚೀಲ ಹಿಡಿದು ಹೋಗಿ, ಬಾಗಿಲಲ್ಲಿ ನಿಂತು ಮಗುವಿನ ಮುಖ ನೋಡಿ, ಸಂಜೆಯ ಬಸ್ಸಿಗೆ ಮರಳುವ ಅತಿಥಿ ಅವನು. ಆ ಏರ್ಪಾಡಿನಲ್ಲಿ ತಾಯಿಗೆ ವಿಶ್ರಾಂತಿಯಿತ್ತು, ಆರೈಕೆಯಿತ್ತು. ಅದನ್ನು ನಾನು ಹಳಿಯಲಾರೆ. ಆದರೆ ಐದನೆಯ ತಿಂಗಳಿನಲ್ಲಿ ಮನೆಗೆ ಬಂದ ನನ್ನ ಮಗಳು, ನಾನು ಎತ್ತಿಕೊಂಡೊಡನೆ ಗುರುತಿಲ್ಲದವರ ಕೈಸೇರಿದಂತೆ ಅತ್ತಳು. ತಪ್ಪು ಅವಳದಾಗಿರಲಿಲ್ಲ.

ಈ ಸಂಕೋಚ ನಮ್ಮ ನಾಡಿನದೊಂದೇ ಅಲ್ಲ. ಸ್ವೀಡನ್ ದೇಶವು 1974ರಲ್ಲಿಯೇ ತಾಯಿಯ ಹೆರಿಗೆ ರಜೆಗೆ ಬದಲಾಗಿ, ತಂದೆತಾಯಿಗಳಿಬ್ಬರೂ ಹಂಚಿಕೊಳ್ಳಬಹುದಾದ ಭತ್ಯೆಸಹಿತ ರಜೆಯನ್ನು ಜಾರಿಗೆ ತಂದಿತು. ಭಾರ ಎತ್ತುವ ಪ್ರಸಿದ್ಧ ಪಟುವೊಬ್ಬನು ತನ್ನ ದಪ್ಪ ತೋಳಿನ ಮೇಲೆ ಹಸುಗೂಸನ್ನಿರಿಸಿಕೊಂಡ ಭಿತ್ತಿಚಿತ್ರವನ್ನು ಆ ದಶಕದಲ್ಲಿಯೇ ಅಲ್ಲಿನ ಸರ್ಕಾರ ಪ್ರಚಾರಕ್ಕೆ ಬಳಸಿತು. ಆದರೂ ಹೆಚ್ಚಿನ ತಂದೆಯರು ತಮ್ಮ ಪಾಲನ್ನು ಹೆಂಡತಿಗೆ ಬರೆದುಕೊಟ್ಟು ಕೆಲಸಕ್ಕೆ ಹೊರಟರು. ‘ಇಬ್ಬರಲ್ಲಿ ಯಾರಾದರೂ’ ಎಂದರೆ ‘ತಾಯಿಯೇ’ ಎಂದಾಯಿತು. ಕೊನೆಗೆ 1995ರಲ್ಲಿ ಒಂದು ತಿಂಗಳ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಾಗದಂತೆ ಮಾಡಿದರು. ತಂದೆ ಪಡೆಯದಿದ್ದರೆ ಅದು ಕುಟುಂಬಕ್ಕೇ ಇಲ್ಲ. 2002ರಲ್ಲಿ ಅದು ಎರಡು ತಿಂಗಳಾಯಿತು, 2016ರಲ್ಲಿ ಮೂರು. ಇಂದು ಅಲ್ಲಿ ರಜೆಯ ದಿನಗಳಲ್ಲಿ ಮೂರನೆಯ ಒಂದು ಪಾಲಿನ ಸಮೀಪದಷ್ಟು ತಂದೆಯರದು.

ಆದರೆ ಕಾನೂನೊಂದೇ ಸಾಲದೆಂಬುದಕ್ಕೆ ನಾನೇ ಸಾಕ್ಷಿ. ನನ್ನ 15 ದಿನಗಳೂ ಯಾರಿಗೂ ಬಿಟ್ಟುಕೊಡಲಾಗದವೇ ಆಗಿದ್ದವು. ಅವನ್ನು ಕಳೆದದ್ದು ಒಂದು ನಗೆ. ನಮ್ಮ ದೇಶ 2017ರಲ್ಲಿ ತಾಯಂದಿರ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು, ಒಳ್ಳೆಯದೇ. ಆದರೆ ರಜೆಯೆಲ್ಲ ಹೆಣ್ಣಿನ ಹೆಸರಿನಲ್ಲಿಯೇ ಇದ್ದರೆ, ಕೆಲಸ ಕೊಡುವವನು ಹಿಂಜರಿಯುವುದೂ ಹೆಣ್ಣಿನ ಅರ್ಜಿಯ ಮುಂದೆಯೇ.

ಕಳೆದ ವರ್ಷ ಮಗಳ ಬಾಣಂತನ ನಮ್ಮ ಮನೆಯಲ್ಲಾಯಿತು. ಅಳಿಯಂದಿರು ರಜೆ ಹಾಕಿ ಬಂದು ನಿಂತರು. ಮೂರನೆಯ ದಿನ ನಾನು ಕೇಳಿಯೇಬಿಟ್ಟೆ: “ಹೆಂಗಸರಿದ್ದಾರಲ್ಲ, ಇಲ್ಲಿ ನಿಮಗೇನು ಕೆಲಸ?”

ಮಗುವಿನ ಬಟ್ಟೆ ಹಿಂಡುತ್ತಿದ್ದ ಅವರು ತಲೆಯೆತ್ತಿ, “ಕಲಿಯುತ್ತಿದ್ದೇನೆ, ಮಾವ” ಎಂದರು.

ಅಂದಿನ ಮೇಲಧಿಕಾರಿಗಳ ಪ್ರಶ್ನೆ ಇಷ್ಟು ವರ್ಷ ನನ್ನ ನಾಲಿಗೆಯ ಮೇಲೆಯೇ ಇತ್ತೆಂದು ಆಗ ತಿಳಿಯಿತು. ರಜೆಯನ್ನು ಸರ್ಕಾರ ಕೊಡಬಹುದು, ಕಂಪನಿ ಕೊಡಬಹುದು. ಅದನ್ನು ನಾಚದೆ ಪಡೆಯುವ ಧೈರ್ಯ ಹಿರಿಯರಿಂದ ಬರಬೇಕು. ನಾವು ನಗದೆ ಇದ್ದರೂ ಸಾಕು.

(ಬಾನುಲಿ ಭಾಷಣ)