ಗುಂಡಿ ಒತ್ತಿದರೆ ನಾಡು ಒಂದಾಗುವುದೇ?



ಬೇಸಿಗೆ ರಜೆಯಲ್ಲಿ ಕಲಬುರಗಿಯಿಂದ ನನ್ನ ಅಕ್ಕನ ಮಗ ಮತ್ತಿಕೆರೆಯ ನಮ್ಮ ಮನೆಗೆ ಬಂದಿದ್ದ. ಪಿ.ಯು.ಸಿ. ಓದುವ ಹುಡುಗ. ಹತ್ತಿರದಲ್ಲೇ ಜೆ.ಪಿ. ಪಾರ್ಕ್ ಇದ್ದರೂ ಅತ್ತ ಸುಳಿಯದೆ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದ. ಒಂದು ಸಂಜೆ, "ಮಾಮಾ, ದೇಶ ಒಂದು ಮಾಡಿದೆ!" ಎಂದು ಕೂಗಿದ.

ಅದು ಸ್ವೀಡನ್ ದೇಶದ ಸಂಸ್ಥೆಯೊಂದು 2013ರಲ್ಲಿ ಹೊರತಂದ 'ಯೂರೋಪಾ ಯೂನಿವರ್ಸಾಲಿಸ್ 4' ಎಂಬ ಆಟ. 1444ರ ಭೂಪಟದಿಂದ ಆರಂಭ. ಅದರಲ್ಲಿ ನಮ್ಮ ವಿಜಯನಗರವೂ ಉಂಟು. ನಿಗದಿತ ಪ್ರಾಂತ್ಯಗಳು ಕೈಸೇರಬೇಕು, ಆಡಳಿತ ನಿಗದಿತ ಮಟ್ಟ ಮುಟ್ಟಬೇಕು. ಆಗ ಒಂದು ಗುಂಡಿ ಒತ್ತಿದರೆ ಹಲವು ಬಣ್ಣದ ತುಂಡುಗಳು ಒಂದೇ ಬಣ್ಣಕ್ಕೆ ತಿರುಗುತ್ತವೆ, ಹೊಸ ದೇಶದ ಹೆಸರು ಮೂಡುತ್ತದೆ.

"ನಮ್ಮ ಕರ್ನಾಟಕವೂ ಹೀಗೇ ಆಯಿತೇ?" ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಸ್ವಾತಂತ್ರ್ಯಕ್ಕೆ ಮೊದಲು ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದ್ರಾಸ್ ಪ್ರಾಂತ್ಯಗಳು, ಹೈದರಾಬಾದಿನ ನಿಜಾಮರ ರಾಜ್ಯ ಹಾಗೂ ಕೊಡಗಿನಲ್ಲಿ ಹಂಚಿಹೋಗಿದ್ದರು. ಸಂಡೂರು, ಮುಧೋಳ, ಜಮಖಂಡಿ, ಸವಣೂರಿನಂಥ ಚಿಕ್ಕ ಸಂಸ್ಥಾನಗಳು ಬೇರೆ.

ಇವನ್ನು ಕೂಡಿಸಲು ಇಲ್ಲಿ ಸೇನೆ ಹೊರಡಲಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಪ್ರಕಟವಾಯಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದ ಬೆಳಗಾವಿಯಲ್ಲೇ ಮೊದಲ ಏಕೀಕರಣ ಸಮ್ಮೇಳನವೂ ಸೇರಿತು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು. ಅದೇ ವರ್ಷ ಬಳ್ಳಾರಿ ಮೈಸೂರಿಗೆ ಸೇರುವ ಹೊತ್ತಿನಲ್ಲಿ ರಂಜಾನ್ ಸಾಬ್ ಪ್ರಾಣ ತೆತ್ತರು.

ಎಲ್ಲರೂ ಒಪ್ಪಿದ್ದರು ಎಂದುಕೊಳ್ಳಬೇಡಿ. ಕೂಡಿದರೆ ತಮ್ಮ ಸಂಪನ್ಮೂಲ ಹಂಚಿಹೋದೀತು ಎಂದು ಹಳೆಯ ಮೈಸೂರಿನಲ್ಲಿ ಅಳುಕಿದವರು ಅನೇಕರು. ಅವರೊಡನೆ ವಾದಿಸಬೇಕಾಯಿತು, ಮನವೊಲಿಸಬೇಕಾಯಿತು. ಫಜಲ್ ಅಲಿ ಆಯೋಗದ 1955ರ ವರದಿಯ ನಂತರ, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಹದಿನೇಳು ವರ್ಷಗಳ ಬಳಿಕ. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ.

ಇಷ್ಟು ಹೇಳಿ, "ನಿನ್ನ ಆಟದಲ್ಲಿ ಇದೆಲ್ಲ ಎಲ್ಲಿದೆ?" ಎಂದು ಕೊಂಚ ಜಂಬದಿಂದಲೇ ಕೇಳಿದೆ. ಹುಡುಗ ಸೋಲಲಿಲ್ಲ. "ಸೇರಿಸಿಕೊಂಡ ಪ್ರಾಂತ್ಯ ಕೂಡಲೇ ನಮ್ಮದಾಗೋದಿಲ್ಲ ಮಾಮಾ. ಅದಕ್ಕೆ ಸಮಯ ಕೊಡಬೇಕು, ಖರ್ಚು ಮಾಡಬೇಕು. ಇಲ್ಲದಿದ್ದರೆ ಅಲ್ಲಿ ಅಸಮಾಧಾನ ಏಳುತ್ತದೆ" ಎಂದ. ಆಮೇಲೆ ಮೆಲ್ಲಗೆ ಕೇಳಿದ: "ಯಶವಂತಪುರ ಸ್ಟೇಷನ್ನಿನಲ್ಲಿ ನನ್ನ ಜೊತೆ ಇಳಿದವರಲ್ಲಿ ಅಷ್ಟೊಂದು ಜನ ಕಟ್ಟಡದ ಕೂಲಿಗೆ ಬಂದವರು. ನಮ್ಮ ಕಡೆಯವರೇ ಯಾಕೆ ಬರಬೇಕು?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಹಳೆಯ ಪ್ರಯೋಗವೊಂದು ನೆನಪಾಯಿತು. ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಬೆರೆಸಿದರೆ ಅದು ಬರೀ ಮಿಶ್ರಣ. ಅಯಸ್ಕಾಂತ ಹಿಡಿದರೆ ಕಬ್ಬಿಣ ಎದ್ದು ಬರುತ್ತದೆ. ಕಾಯಿಸಿದಾಗ ಮಾತ್ರ ಎರಡೂ ಕೂಡಿ ಹೊಸ ಸಂಯುಕ್ತವಾಗುತ್ತದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ನಮ್ಮ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಆ ಪ್ರದೇಶಕ್ಕೆ 371(ಜೆ) ವಿಧಿಯ ವಿಶೇಷ ಸ್ಥಾನ ದೊರೆತದ್ದು 2012ರ ಸಂವಿಧಾನ ತಿದ್ದುಪಡಿಯಿಂದ. ಏಕೀಕರಣವಾಗಿ 56 ವರ್ಷಗಳ ನಂತರ.

ಭೂಪಟಕ್ಕೆ ಬಣ್ಣ ಬಳಿದ ಕೆಲಸವನ್ನು ನಮ್ಮ ಹಿರಿಯರು ಮುಗಿಸಿದ್ದಾರೆ. ಕಾಯಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಆಟ ಆಡುವವರು ಆಡಿ, ನಾನು ಬೇಡವೆನ್ನುವುದಿಲ್ಲ. ಆದರೆ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕು 1956ಕ್ಕೆ ಮೊದಲು ಯಾವ ಆಡಳಿತದಲ್ಲಿತ್ತು, ಆಗ ಅಲ್ಲಿ ಶಾಲೆ ಎಷ್ಟು ದೂರವಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಬೇರೆ ಭಾಗದಿಂದ ಬಂದ ಸಹಪಾಠಿಯಿದ್ದರೆ ಅವರನ್ನೂ ಕೇಳಿ. ನನ್ನ ಸೋದರಳಿಯನ ಪ್ರಶ್ನೆಗೆ ಉತ್ತರ ಅಲ್ಲಿಂದ ಆರಂಭವಾಗಬಹುದು.