ಹಲಗೆಯ ಹಾದಿ ಬಿಡಬೇಡಿ

ಬಸವನಗುಡಿಯ ಕಡೆಯವರಿಗೆ ಕಾಲ ಕೆಳಗಿನ ನೆಲದ ಮೇಲೆ ಬಹಳ ನಂಬಿಕೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಎಷ್ಟು ಮಂದಿ ಹತ್ತಿ ಇಳಿದರೂ ಅದು ಜಗ್ಗುವುದಿಲ್ಲ. ಈಗ ನಮ್ಮ ಬಡಾವಣೆಗಳ ಹಿರಿಯರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವುದುಂಟು; ಹೋದವರು ಯೆಲ್ಲೋಸ್ಟೋನ್ ನೋಡಿ ಬರುವುದೂ ಉಂಟು. ಈ ನಂಬಿಕೆಯನ್ನು ಮಾತ್ರ ಅಲ್ಲಿಗೆ ಕೊಂಡೊಯ್ಯಬಾರದು.

1872ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಪ್ರದೇಶದ ಉತ್ತರಕ್ಕೆ ಮ್ಯಾಮತ್ ಎಂಬ ಬಿಸಿನೀರಿನ ಬುಗ್ಗೆಗಳಿವೆ. ನೆಲದೊಳಗಿನ ಬಿಸಿನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಮೇಲೇರುತ್ತದೆ. ಹೊರಗೆ ಬಂದೊಡನೆ ಅದರಲ್ಲಿದ್ದ ಇಂಗಾಲಾಮ್ಲ ಅನಿಲ ಹಾರಿಹೋಗಿ, ಸುಣ್ಣ ಪದರ ಪದರವಾಗಿ ಕೂರುತ್ತದೆ. ನಮ್ಮ ಬಚ್ಚಲ ಹಂಡೆಯೊಳಗೆ ಗಡಸು ನೀರು ಬಿಡುವ ಬಿಳಿಯ ಪೊರೆಯೂ ಇದೇ ಜಾತಿಯದು. ಅಲ್ಲಿ ಅದು ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಜಗಲಿಗಳನ್ನೇ ಕಟ್ಟಿದೆ. ಅವುಗಳ ಹಳದಿ, ಕಿತ್ತಳೆ, ಕಂದು ಬಣ್ಣಗಳು ಬಿಸಿಯಲ್ಲೇ ಬಾಳುವ ಸೂಕ್ಷ್ಮಜೀವಿಗಳಿಂದ ಬಂದವು.

ನೋಡುವುದಕ್ಕೆ ಅದು ಕಲ್ಲು. ಆದರೆ ಬುಗ್ಗೆಗಳ ಸುತ್ತ ಹಲವೆಡೆ ಅದು ಸುಡುನೀರಿನ ಮೇಲಿನ ತೆಳ್ಳನೆಯ ಹೊದಿಕೆ, ಅಷ್ಟೆ. ಅದಕ್ಕಾಗಿಯೇ ಮರದ ಹಲಗೆಯ ಹಾದಿ ಹಾಕಿದ್ದಾರೆ. 2016ರ ಜೂನ್ ತಿಂಗಳಲ್ಲಿ ಅದೇ ಉದ್ಯಾನದ ನಾರಿಸ್ ಎಂಬಲ್ಲಿ ಹಾದಿ ಬಿಟ್ಟು ನಡೆದ ತರುಣನೊಬ್ಬ ಬುಗ್ಗೆಗೆ ಬಿದ್ದು ತೀರಿಕೊಂಡ. ಹೀಗೆ ಬೆಂದು ಸತ್ತವರು ಈವರೆಗೆ 20ಕ್ಕೂ ಹೆಚ್ಚು.

ಪುತ್ತೂರಿನ ಬಳಿಯ ಬೆಂದ್ರು ತೀರ್ಥದ ಬೆಚ್ಚನೆಯ ಗಂಧಕದ ನೀರಿನಲ್ಲಿ ಮಿಂದವರಿಗೆ ಬುಗ್ಗೆ ಕಂಡೊಡನೆ ಕೈ ಅದ್ದುವ ಮನಸ್ಸಾದೀತು. ಅಲ್ಲಿ ಅದು ಕೂಡದು. ತೀರ್ಥವೆಂದು ಕಾಸು ಎಸೆಯುವುದೂ ಕೂಡದು. ಮಾರ್ನಿಂಗ್ ಗ್ಲೋರಿ ಎಂಬ ನೀಲಿಯ ಬುಗ್ಗೆಗೆ ಜನ ಎಸೆದ ಕಾಸು, ಕಸ ಒಳದಾರಿಗೆ ಅಡ್ಡವಾಗಿ ನೀರಿನ ಬಿಸಿ ತಗ್ಗಿತು. ಆ ನೀಲಿಯೂ ಕೆಟ್ಟಿತು.

ಮೊಮ್ಮಕ್ಕಳನ್ನು ಓಡಲು ಬಿಡದೆ ಕೈಹಿಡಿದು ನಡೆಸಿ. ಹಲಗೆ ಒದ್ದೆಯಾಗಿರುತ್ತದೆ, ಚಪ್ಪಲಿಗಿಂತ ಹಿಡಿತವುಳ್ಳ ಬೂಟು ಮೇಲು. ಆವಿಯಿಂದ ಕನ್ನಡಕ ಮಸುಕಾದರೆ ನಿಂತು ಒರೆಸಿಕೊಂಡು ಮುಂದೆ ಹೋಗಿ. ಟೋಪಿಯೋ ಮೊಬೈಲೋ ಆಚೆ ಬಿದ್ದರೆ ಹಿಂದೆ ಇಳಿಯದೆ ಅಲ್ಲಿನ ಸಿಬ್ಬಂದಿಗೆ ತಿಳಿಸಿ. ಮಂಡಿನೋವಿನವರಿಗೆ ಮ್ಯಾಮತ್ತಿನ ಮೆಟ್ಟಿಲುಗಳು ತ್ರಾಸ. ಬೇಸಗೆಯಲ್ಲಾದರೆ ಮೇಲಿನ ಜಗಲಿಗಳನ್ನು ಕಾರಿನಲ್ಲೇ ಒಂದು ಸುತ್ತು ಬಂದು ನೋಡಬಹುದು.

ನೋಡತಕ್ಕದ್ದೆಲ್ಲ ಹಲಗೆಯ ಮೇಲಿಂದಲೇ ಕಾಣುತ್ತದೆ. ಫೋಟೋಕ್ಕಾಗಿ ಇನ್ನೆರಡು ಹೆಜ್ಜೆ ಆಚೆ ನಿಲ್ಲಿರೆಂದು ಮಗನೇ ಹೇಳಿದರೂ ಒಪ್ಪಬೇಡಿ.